ಕಂತು ವಸೂಲಿಗೆ ಹೋಗುವವನು ಲೋಕಕ್ಕೆ ಬೆಳಕಾಗುವುದು ಹೇಗೆ?

ಪ್ರಶ್ನೆ:

ಅಯ್ಯನವರಿಗೆ ವಂದನೆಗಳು. ನನಗೆ 34 ವರ್ಷ, ಮದ್ದೂರು ಕಡೆಯವನು. ಮೈಕ್ರೋಫೈನಾನ್ಸ್ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಇಬ್ಬರು ಮಕ್ಕಳು. ನಮ್ಮ ಸಭೆಯ ಯುವಜನ ಸಂಘಕ್ಕೆ ನಾನೇ ಕಾರ್ಯದರ್ಶಿ. ಕ್ರೈಸ್ತರು ಲೋಕಕ್ಕೆ ಉಪ್ಪಾಗಿ, ಬೆಳಕಾಗಿ ಇರಬೇಕು ಅಂತ ಪ್ರಸಂಗದಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಹೇಗೆ ಅನ್ನೋದು ಗೊತ್ತಾಗುತ್ತಿಲ್ಲ. ಈ ಕ್ರಿಸ್‌ಮಸ್‌ಗೆ ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚೋಣ, ಆಸ್ಪತ್ರೆ ವಾರ್ಡುಗಳಿಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥನೆ ಮಾಡೋಣ ಅಂತ ಹುಡುಗರು ಹೇಳುತ್ತಿದ್ದಾರೆ. ನನಗೆ ಭಯ. ಆಫೀಸಿನಲ್ಲಿ ಈಗಾಗಲೇ 'ನಿಮ್ಮೋರು ಕನ್ವರ್ಟ್ ಮಾಡ್ತಾರಂತಲ್ಲ' ಅಂತ ಕೇಳುತ್ತಾರೆ. ಆಯುಧಪೂಜೆ ದಿನ ನಾನು ಹೊರಗೆ ಹೋಗಿ ನಿಲ್ಲುತ್ತೇನೆ, ಅದಕ್ಕೂ ಅವರಿಗೆ ಬೇಜಾರು. ಸುಮ್ಮನಿದ್ದರೆ ವಿಶ್ವಾಸವನ್ನು ಮುಚ್ಚಿಟ್ಟ ಹಾಗೆ, ಮಾತಾಡಿದರೆ ಜಗಳ. ನಮ್ಮಂಥ ಬೆರಳೆಣಿಕೆಯ ಜನರಿಂದ ಲೋಕಕ್ಕೆ ಏನಾಗುತ್ತೆ?

ಇನ್ನೊಂದು ಮಾತು. ಹೋದ ತಿಂಗಳು ಗಂಡ ತೀರಿಕೊಂಡ ಒಬ್ಬ ಹೆಂಗಸಿನ ಮನೆ ಮುಂದೆ ಕಂತಿಗಾಗಿ ರಾತ್ರಿ ಎಂಟರವರೆಗೆ ಕೂತಿದ್ದೆ. ದುಡ್ಡಿಲ್ಲದೆ ಎದ್ದು ಬರಬೇಡ ಅಂತ ಮ್ಯಾನೇಜರ್ ಹೇಳಿದ್ದರು. ಅವತ್ತಿನಿಂದ ಭಾನುವಾರ ರಾತ್ರಿ ನಿದ್ದೆ ಬರುತ್ತಿಲ್ಲ. ಇದು ಪ್ರಶ್ನೆ ಅಲ್ಲ, ಸುಮ್ನೆ ಬರೆದೆ.

ಉತ್ತರ:

ಸುಮ್ನೆ ಬರೆದೆ ಅಂದಿದ್ದೀರಲ್ಲ, ನನಗೆ ಕಂಡ ಹಾಗೆ ನಿಮ್ಮ ಪತ್ರದ ಜೀವ ಇರುವುದೇ ಆ ನಾಲ್ಕು ಸಾಲಿನಲ್ಲಿ. ಕರಪತ್ರ, ವಾರ್ಡು, ಆಯುಧಪೂಜೆ ಎಲ್ಲಕ್ಕೂ ಉತ್ತರ ಬರೆಯುತ್ತೇನೆ. ಆದರೆ ನನ್ನ ಮಾತು ಸುತ್ತುವುದೆಲ್ಲ ಆ ಹೆಂಗಸಿನ ಮನೆ ಬಾಗಿಲಿನ ಸುತ್ತಲೇ.

ನಾನು ಮೈಸೂರಿನಲ್ಲಿ ಸಭಾಪಾಲಕನಾಗಿದ್ದವನು, ಆಮೇಲೆ ಬಹಳ ವರ್ಷ ಆಸ್ಪತ್ರೆಯೊಂದರಲ್ಲಿ ಚಾಪ್ಲಿನ್ ಆಗಿದ್ದೆ. ಅಂದರೆ ರೋಗಿಗಳ ಪಕ್ಕ ಕೂತು ಅವರ ಮಾತು ಕೇಳುವ ಕೆಲಸ. ಹಾಸಿಗೆ ಹಿಡಿದವರು ದೇವರ ವಿಷಯ ಮಾತಾಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪಾಂಡವಪುರ, ಮಳವಳ್ಳಿ, ನರಸೀಪುರ ಕಡೆಯಿಂದ ಬಂದವರು ನನ್ನ ಹತ್ತಿರ ಜಾಸ್ತಿ ಮಾತಾಡಿದ್ದು ಸಾಲದ ವಿಷಯ. ಸಂಘದ ದುಡ್ಡು ಕಟ್ಟಬೇಕು, ಸೆಂಟರ್ ಮೀಟಿಂಗಿಗೆ (ಸಾಲ ಪಡೆದ ಹೆಂಗಸರೆಲ್ಲ ಸೇರಿ ಕಂತು ಕಟ್ಟುವ ಸಭೆ) ಹೋಗದಿದ್ದರೆ ಉಳಿದ ಹೆಂಗಸರು ಬೈತಾರೆ, ಬೇಗ ಡಿಸ್ಚಾರ್ಜ್ ಮಾಡಿಸಿ ಅಂತ. ಹಾಗಾಗಿ ನಿಮ್ಮ ಕೆಲಸವನ್ನು ನಾನು ಆಚೆ ಕಡೆಯಿಂದ ನೋಡಿ ಬಲ್ಲೆ.

ನಿಮಗಿರುವ ಆತಂಕ ನನಗೆ ಅರ್ಥವಾಗಿದ್ದು ಇಷ್ಟು: ಒಳ್ಳೆಯ ಪ್ರಭಾವ ಬೀರಬೇಕು ಅಂದರೆ ಏನಾದರೂ ಹೊಸದಾಗಿ, ಎದ್ದು ಕಾಣುವ ಹಾಗೆ ಮಾಡಬೇಕು. ಅದನ್ನು ಮಾಡಿದರೆ ಜನ ಅನುಮಾನ ಪಡುತ್ತಾರೆ. ಮಾಡದಿದ್ದರೆ ದೇವರ ಮುಂದೆ ತಪ್ಪಿತಸ್ಥ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿದ್ದೀರಿ. ಆ ಮೊದಲ ಮಾತೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮತ್ತಾಯ ಐದನೇ ಅಧ್ಯಾಯವನ್ನು ಇನ್ನೊಂದು ಸಲ ಓದಿ. ಜನ ನಿಮ್ಮ ಒಳ್ಳೆಯ ಕೆಲಸ ನೋಡಿ ದೇವರನ್ನು ಕೊಂಡಾಡಲಿ ಅಂತ ಅಲ್ಲಿದೆ. ಆರನೇ ಅಧ್ಯಾಯದ ಶುರುವಿನಲ್ಲೇ, ಜನ ನೋಡಲಿ ಅಂತ ಧರ್ಮದ ಕೆಲಸ ಮಾಡಬೇಡಿ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಅಂತಲೂ ಇದೆ. ಎರಡನ್ನೂ ಯೇಸು ಒಂದೇ ಉಪದೇಶದಲ್ಲಿ ಹೇಳಿದ್ದು. ಇವು ಒಂದಕ್ಕೊಂದು ಹೊಡೆದಾಡುತ್ತವೆ ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದಿನಾ ಮಾಡುವ ಕೆಲಸದಲ್ಲಿ ನೀವು ನೇರವಾಗಿದ್ದರೆ ಅದು ತಾನಾಗಿಯೇ ಜನರ ಕಣ್ಣಿಗೆ ಬೀಳುತ್ತೆ, ಯಾಕಂದರೆ ಅದರಿಂದ ಅವರ ಬದುಕಿಗೆ ವ್ಯತ್ಯಾಸ ಆಗುತ್ತೆ. ತೋರಿಸುವುದಕ್ಕಂತಲೇ ಹಮ್ಮಿಕೊಂಡ ಕಾರ್ಯಕ್ರಮಕ್ಕೆ ಆ ಶಕ್ತಿ ಇಲ್ಲ.

ಇನ್ನು 'ಬೆರಳೆಣಿಕೆಯ ಜನ' ಅನ್ನುವ ಮಾತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತಲೂ ಕಡಿಮೆ, 1.87. ಸಂಖ್ಯೆ ಸಣ್ಣದು, ನಿಜ. ಆದರೆ ನಿಮ್ಮ ಕೈಕೆಳಗೆ ಎಷ್ಟು ಸೆಂಟರ್ ಇವೆ, ಒಂದೊಂದರಲ್ಲಿ ಎಷ್ಟು ಹೆಂಗಸರಿದ್ದಾರೆ, ನೀವೇ ಲೆಕ್ಕ ಹಾಕಿ. ಆ ಹಳ್ಳಿಗಳಲ್ಲಿ ನಿಮ್ಮ ಬೈಕಿನ ಸದ್ದು ಕೇಳಿದರೆ ಎಷ್ಟು ಮನೆಯಲ್ಲಿ ಎದೆ ಡವಡವ ಅನ್ನುತ್ತೆ? ನಮ್ಮ ಸಭೆಗಳಲ್ಲಿ ಪ್ರಸಂಗ ಮಾಡುವ ಬಹಳ ಜನರಿಗೆ ಅಷ್ಟು ಮನೆಗಳ ಮೇಲೆ ಅಧಿಕಾರ ಇಲ್ಲ. ಲೋಕದ ಮೇಲೆ ಪ್ರಭಾವ ಬೀರುವುದು ಹೇಗೆ ಅಂತ ಕೇಳುತ್ತಿದ್ದೀರಿ, ನೀವು ಆಗಲೇ ಪ್ರತಿ ವಾರ ಬೀರುತ್ತಿದ್ದೀರಿ. ಅದು ಯಾವ ಥರದ್ದು ಅನ್ನುವುದಷ್ಟೇ ಪ್ರಶ್ನೆ.

ಜನರ ಅನುಮಾನ ಎಲ್ಲಿಂದ ಬಂತು?

ಆಫೀಸಿನಲ್ಲಿ ಕೇಳುವ ಮಾತಿಗೆ ಕೋಪ ಮಾಡಿಕೊಳ್ಳಬೇಡಿ. ಅದಕ್ಕೆ ಕಾರಣಗಳಿವೆ, ಒಂದಷ್ಟು ಸುಳ್ಳು, ಒಂದಷ್ಟು ನಿಜ.

ಕ್ರೈಸ್ತರು ಮಾಡುವ ಸೇವೆಯೆಲ್ಲ ಮತಾಂತರದ ಗಾಳ ಅನ್ನುವುದು ಸುಳ್ಳು. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್. ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಈಗಲೂ ಇದೆ. ಇಲ್ಲಿಯವರ ಹಾಗೇ ಬಟ್ಟೆ ತೊಟ್ಟು, ಇಲ್ಲಿಯವರ ಊಟ ಉಂಡು ಬದುಕಿದರು, ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆದರು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲ ಅದು. ಲಸಿಕೆ ಈ ದೇಶಕ್ಕೆ ಆಗ ತಾನೇ ಬಂದಿತ್ತು. 1803–04ರ ಹೊತ್ತಿಗೆ ಅವರ ಓಡಾಟದಿಂದ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಆಯಿತು. ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಅಂತ ಕೊನೆಗೆ ಅವರೇ ಬರೆದರು, 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಹಾಗಾದರೆ ಲಸಿಕೆ ವ್ಯರ್ಥ ಆಯಿತಾ? ಬದುಕಿ ಉಳಿದ ಮಕ್ಕಳ ಮೊಮ್ಮಕ್ಕಳು ಇವತ್ತು ಇದೇ ಸೀಮೆಯಲ್ಲಿ ಗದ್ದೆ ಉಳುತ್ತಿರಬಹುದು.

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಶುರುವಾಗಿದ್ದು. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದವರು ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲೂ ಇದ್ದಾರೆ. ಇನ್ನು 1933ರಲ್ಲಿ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಈ ಊರಿನಲ್ಲಿ ನಾವು ಯಾವತ್ತೂ ಹೊರಗಿನವರಾಗಿರಲಿಲ್ಲ. ಕ್ರಿಸ್‌ಮಸ್ ರಾತ್ರಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡಲು ಅಲ್ಲಿ ಸಾಲು ನಿಲ್ಲುವವರು ಯಾರು ಅಂತ ನಿಮಗೂ ಗೊತ್ತು, ಮುಕ್ಕಾಲುಪಾಲು ಬೇರೆ ಧರ್ಮದವರೇ.

ಆದರೆ ಪೂರ್ತಿ ನಿಜ ಹೇಳಬೇಕಲ್ಲ. ಎಷ್ಟೋ ಮಿಷನ್‌ಗಳು ಸೇವೆಯ ಜೊತೆಗೆ ಮತಾಂತರವನ್ನೂ ಬಯಸಿದ್ದವು, ಅದನ್ನು ಬಚ್ಚಿಟ್ಟಿರಲೂ ಇಲ್ಲ. ಇವತ್ತಿಗೂ ಕೆಲವರು 'ಪ್ರಾರ್ಥನೆಗೆ ಬನ್ನಿ, ಕ್ಯಾನ್ಸರ್ ವಾಸಿ ಆಗುತ್ತೆ' ಅಂತ ಮೈಕಿನಲ್ಲಿ ಕೂಗುತ್ತಾರೆ. ಬೇರೆಯವರ ದೇವರನ್ನು ಹೀಯಾಳಿಸುವ ಕರಪತ್ರಗಳನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ಓದಿ ಸಂಕಟ ಆಗಿದೆ. ಅದರ ಮೇಲೆ ರಾಜಕೀಯ ಬೇರೆ ಸೇರಿದೆ. ಇಷ್ಟೆಲ್ಲ ಇರುವಾಗ ನಿಮ್ಮ ಸಹೋದ್ಯೋಗಿ ಅನುಮಾನದಿಂದ ಒಂದು ಮಾತು ಕೇಳಿದರೆ ಅದು ದ್ವೇಷವೇ ಆಗಿರಬೇಕಿಲ್ಲ. 'ಹೌದಪ್ಪ, ಹಾಗೆ ಮಾಡೋರೂ ಇದ್ದಾರೆ, ನನಗೂ ಅದು ಇಷ್ಟ ಇಲ್ಲ' ಅಂತ ಹೇಳಿ ನೋಡಿ. ಜಗಳ ಅಲ್ಲಿಗೇ ನಿಲ್ಲುತ್ತೆ.

ಕಾನೂನಿನ ವಿಷಯ ಎರಡು ಮಾತಿನಲ್ಲಿ. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರುವ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ ಶಿಕ್ಷೆ ಇಟ್ಟಿತು, ಅದನ್ನು ವಾಪಸ್ ಪಡೆಯುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬೇರೆ ಧರ್ಮವನ್ನು ಬೇಕಂತಲೇ ಅವಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಪ್ರಕಾರ ಅಪರಾಧ. ಕಾನೂನು ಏನೇ ಇರಲಿ, ಬಲವಂತ ಮತ್ತು ಆಮಿಷ ನಮ್ಮ ವಿಶ್ವಾಸಕ್ಕೇ ವಿರುದ್ಧ. ಅದನ್ನು ನಮಗೆ ಪೊಲೀಸರು ಹೇಳಿಕೊಡಬೇಕಾಗಿಲ್ಲ.

ಈಗ ನಿಮ್ಮ ಕೆಲಸದ ವಿಷಯ

ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು 'ನಾವು ಏನು ಮಾಡಬೇಕು' ಅಂತ ಕೇಳಿದ್ದು ಲೂಕ ಮೂರನೇ ಅಧ್ಯಾಯದಲ್ಲಿದೆ. ಅವರೂ ವಸೂಲಿಯವರೇ, ಜನ ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲಸ ಬಿಡಿ ಅಂತ ಯೋಹಾನ ಹೇಳಲಿಲ್ಲ. ದೇವಾಲಯದ ಮುಂದೆ ನಿಂತು ಸಾರಿರಿ ಅಂತಲೂ ಹೇಳಲಿಲ್ಲ. ನಿಮಗೆ ನೇಮಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಅಷ್ಟೇ. ಸಿಪಾಯಿಗಳು ಕೇಳಿದಾಗಲೂ ಅದೇ ಥರ, ಹೆದರಿಸಿ ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳ ಸಾಕು ಅನ್ನಿ. ಇಷ್ಟು ಸಾದಾ ಉತ್ತರ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಹತ್ತಿರ ಬರುತ್ತೆ. ಸಾಲ ಕೊಟ್ಟವನು ಒತ್ತೆ ತರುವುದಕ್ಕೆ ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಂತಿರಬೇಕು, ಅವನೇ ತಂದು ಕೊಡಲಿ. ಬೀಸುವ ಕಲ್ಲನ್ನು ಒತ್ತೆ ಇಡಿಸಿಕೊಳ್ಳಬಾರದು, ಅದು ಅವನ ಅನ್ನ. ಬಡವನ ಹೊದಿಕೆ ಇಟ್ಟುಕೊಂಡರೆ ಹೊತ್ತು ಮುಳುಗುವಾಗ ವಾಪಸ್ ಕೊಡಬೇಕು. ವಿಧವೆಯ ಬಟ್ಟೆಯನ್ನು ಒತ್ತೆಯಾಗಿ ತೆಗೆದುಕೊಳ್ಳಲೇಬಾರದು. ಸಾಲ ವಸೂಲಿ ಮಾಡುವವನಿಗೆ ಸಾಲಗಾರನ ಮಾನದ ಬಗ್ಗೆ ಇಷ್ಟು ಎಚ್ಚರ ಇರಬೇಕು ಅಂತ ಸಾವಿರಾರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ನಿಮಗೆ ನಿದ್ದೆ ಬರದಿರುವುದು ಕಾಯಿಲೆ ಅಲ್ಲ, ನಿಮ್ಮ ಮನಸ್ಸಾಕ್ಷಿ ಸರಿಯಾಗಿ ಕೆಲಸ ಮಾಡುತ್ತಿದೆ.

ರಿಸರ್ವ್ ಬ್ಯಾಂಕಿನ ನಿಯಮವೂ ನಿಮ್ಮ ಪರವೇ ಇದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿರ್ದೇಶನದ ಪ್ರಕಾರ ಕಂತು ತೆಗೆದುಕೊಳ್ಳಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸಾಲಗಾರರು ಸತತ ಎರಡು ಸಲ ಅಥವಾ ಜಾಸ್ತಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಫೋನ್ ಕೂಡ ಮಾಡಬಾರದು. ಬೈಯುವುದು, ಹೆದರಿಸುವುದು, ನೆಂಟರಿಗೆ ಅಕ್ಕಪಕ್ಕದವರಿಗೆ ಕಾಟ ಕೊಡುವುದು, ಹೆಸರು ಬಯಲು ಮಾಡುವುದು ಯಾವುದೂ ಸಲ್ಲದು. ಮೇಲಾಗಿ 2025ರಲ್ಲಿ ರಾಜ್ಯ ಸರ್ಕಾರ ಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ; ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ, ನಿಮ್ಮದು ಯಾವ ಥರದ್ದು ಅಂತ ನೋಡಿಕೊಳ್ಳಿ. ಹೇಗಿದ್ದರೂ 'ಎದ್ದು ಬರಬೇಡ' ಅಂದ ಮ್ಯಾನೇಜರ್ ನಿಮ್ಮನ್ನು ಕಷ್ಟಕ್ಕೆ ತಳ್ಳಿದ್ದಾರೆ. ನಾಳೆ ಕೇಸ್ ಆದರೆ ಬಾಗಿಲ ಮುಂದೆ ಕೂತಿದ್ದವರು ನೀವು, ಅವರಲ್ಲ.

ಆ ಹೆಂಗಸಿಗೆ ಏನು ಮಾಡಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಷ್ಟೋ ಮೈಕ್ರೋಫೈನಾನ್ಸ್ ಸಾಲಗಳ ಜೊತೆ ವಿಮೆ ಇರುತ್ತೆ, ಸಾಲ ಪಡೆದವರ ಜೊತೆ ಗಂಡನ ಜೀವಕ್ಕೂ ಇರುತ್ತೆ. ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ, ಸಾವಾದ ಮೇಲೂ ಕಂತು ಕಟ್ಟುತ್ತಲೇ ಇರುತ್ತಾರೆ. ಮೊದಲು ಅವರ ಸಾಲದ ಕಾಗದ ತೆಗೆದು ನೋಡಿ. ವಿಮೆ ಇದ್ದರೆ ಮರಣ ಪ್ರಮಾಣಪತ್ರ ಮಾಡಿಸಿಕೊಡುವುದರಿಂದ ಹಿಡಿದು ಕ್ಲೇಮ್ ಹಾಕಿಸುವ ತನಕ ಜೊತೆಗೆ ನಿಲ್ಲಿ. ಇಲ್ಲದಿದ್ದರೆ ಕಂತಿನ ಅವಧಿ ಬದಲಾಯಿಸಲು ಬ್ರಾಂಚಿನಲ್ಲಿ ಬರವಣಿಗೆಯಲ್ಲಿ ಕೇಳಿ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ಹಗಲು ಹೊತ್ತಿನಲ್ಲಿ, ಸೆಂಟರ್ ಲೀಡರನ್ನು ಜೊತೆಗೆ ಕರೆದುಕೊಂಡು ಹೋಗಿ 'ಅವತ್ತು ಹಾಗೆ ಕೂತಿದ್ದು ತಪ್ಪಾಯ್ತಮ್ಮ' ಅಂತ ಒಂದು ಮಾತು ಹೇಳಿ. ಇದನ್ನೆಲ್ಲ ಮಾಡುವಾಗ ದಯವಿಟ್ಟು ಅವರನ್ನು ಚರ್ಚಿಗೆ ಕರೆಯಬೇಡಿ.

ಈ ಕೊನೆಯ ಮಾತು ನಿಮಗೆ ಕಷ್ಟ ಅನಿಸಬಹುದು. ನಾನಿದನ್ನು ವಿಶ್ವಾಸ ಕಡಿಮೆಯಾಗಿ ಹೇಳುತ್ತಿಲ್ಲ. ಅವರ ಕಂತಿನ ಕಾರ್ಡ್ ನಿಮ್ಮ ಕೈಯಲ್ಲಿದೆ. ಆ ಕೈಯಿಂದ ನೀವು ಕರಪತ್ರ ಕೊಟ್ಟರೆ ಬೇಡ ಅನ್ನುವ ಸ್ವಾತಂತ್ರ್ಯ ಅವರಿಗೆ ಇಲ್ಲ. ಬಂದರೂ ಭಯಕ್ಕೆ ಬರುತ್ತಾರೆ, ನಾಳಿನ ಕಂತಿನಲ್ಲಿ ಒಂದು ದಿನ ವಿನಾಯಿತಿ ಸಿಗಬಹುದು ಅಂತ ಬರುತ್ತಾರೆ. ಯೇಸು ಹಾಗೆ ಯಾರನ್ನೂ ಕರೆದದ್ದಿಲ್ಲ. ಅನುಕೂಲಸ್ಥ ಯುವಕನೊಬ್ಬ ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋದಾಗ ಅವನನ್ನು ಹೋಗಲು ಬಿಟ್ಟರು. ನಮ್ಮಿಂದ ಉಪಕಾರ ಪಡೆದವರು, ನಮಗೆ ಹೆದರಬೇಕಾದವರು, ಕಾಯಿಲೆಯಲ್ಲಿ ಮಲಗಿದವರು, ಈ ಮೂರು ಥರದವರ ಹತ್ತಿರ ನಾವಾಗಿ ಧರ್ಮದ ಮಾತು ತೆಗೆಯಬಾರದು ಅನ್ನುವುದು ಇಷ್ಟು ವರ್ಷದ ಕೆಲಸದಲ್ಲಿ ನಾನು ಪಾಲಿಸಿದ ನಿಯಮ. ಅವರಾಗಿ ಕೇಳಿದರೆ ಮಾತ್ರ ಹೇಳಬೇಕು. ಪೇತ್ರನ ಮೊದಲ ಪತ್ರದಲ್ಲೂ ಇರುವುದು ಅದೇ, ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ.

ಇನ್ನೊಂದು ಒಳಗಿನ ವಿಷಯ ಇದೆ, ನಿಮ್ಮ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ವಸೂಲಿ ದಿನದ ಕಣ್ಣೀರು ಸಾಲ ಕೊಟ್ಟ ದಿನವೇ ಶುರುವಾಗಿರುತ್ತೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳುತ್ತೆ. ಟಾರ್ಗೆಟ್ ಮುಟ್ಟಬೇಕು ಅಂತ ಆದಾಯದ ಕಾಲಂನಲ್ಲಿ ಒಂದಕ್ಕೆರಡು ಬರೆಯುವುದು, ಇಲ್ಲದ ಹಸು ಬರೆಯುವುದು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಸಾಲ ಮಾಡಿಸುವುದು, ಲೀಡರಿಗೆ ಕಮಿಷನ್ ಹೋಗುವುದು ಇವನ್ನೆಲ್ಲ ನಾನು ರೋಗಿಗಳ ಬಾಯಿಂದಲೇ ಕೇಳಿದ್ದೇನೆ. ಅಳತೆಯಲ್ಲಿ, ತೂಕದಲ್ಲಿ ಮೋಸ ಮಾಡಬೇಡಿ ಅಂತ ಯಾಜಕಕಾಂಡದಲ್ಲಿ ಇರುವುದು ಬರೀ ಅಂಗಡಿಯವರಿಗಲ್ಲ. ನಿಮ್ಮ ಟ್ಯಾಬಿನಲ್ಲಿ ಆದಾಯ ತುಂಬುವ ಆ ಕಾಲಂ ನಿಮ್ಮ ತಕ್ಕಡಿ. ಅಲ್ಲಿ ನಿಜ ಬರೆದರೆ ಒಂದು ಕುಟುಂಬಕ್ಕೆ ನಾಲ್ಕನೇ ಸಾಲ ಸಿಗದೇ ಹೋಗಬಹುದು, ಅವತ್ತು ಅವರು ನಿಮ್ಮ ಮೇಲೆ ಮುನಿಸಿಕೊಳ್ಳಬಹುದು. ಪರವಾಗಿಲ್ಲ. ಕ್ರೈಸ್ತನೊಬ್ಬ ಲೋಕಕ್ಕೆ ಮಾಡುವ ಒಳ್ಳೆಯದು ಎಷ್ಟೋ ಸಲ ಇಷ್ಟು ಸಪ್ಪೆಯಾಗಿ, ಯಾರೂ ಚಪ್ಪಾಳೆ ತಟ್ಟದ ಹಾಗೆ ಇರುತ್ತೆ.

ಇದರಲ್ಲಿ ಅಪಾಯ ಇಲ್ಲವಾ? ಇದೆ. ನಿಮ್ಮ ಟಾರ್ಗೆಟ್ ಬೀಳುತ್ತೆ, ಇನ್ಸೆಂಟಿವ್ ಹೋಗುತ್ತೆ, ದೂರದ ಬ್ರಾಂಚಿಗೆ ವರ್ಗ ಮಾಡಬಹುದು. ಅದಕ್ಕೆ ಮ್ಯಾನೇಜರ್ ಕೊಡುವ ಆದೇಶ ಬಾಯಿಮಾತಿನಲ್ಲಿದ್ದರೆ ನೀವೇ ಒಂದು ಮೆಸೇಜ್ ಹಾಕಿ: 'ಸರ್, ಆರರ ಮೇಲೆ ಮನೆ ಹತ್ತಿರ ಇರಲು ನಿಯಮದಲ್ಲಿ ಅವಕಾಶ ಇಲ್ಲ, ನಾಳೆ ಬೆಳಿಗ್ಗೆ ಹೋಗುತ್ತೇನೆ.' ಬರವಣಿಗೆಯಲ್ಲಿ ಬಂದ ಕೂಡಲೇ ಎಷ್ಟೋ ಮ್ಯಾನೇಜರ್‌ಗಳು ಮೆತ್ತಗಾಗುತ್ತಾರೆ. ಅವರ ಮೇಲೂ ಒತ್ತಡ ಇದೆ, ಅವರನ್ನು ಶತ್ರು ಮಾಡಿಕೊಳ್ಳಬೇಡಿ. ಸಾಲಗಾರರಿಗೆ ದೂರು ಕೊಡುವ ದಾರಿ ತಿಳಿಸಿ. ಮೊದಲು ಕಂಪನಿಯ ದೂರು ಅಧಿಕಾರಿ, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವವರು), ವಿಚಾರಿಸಲು 14448 ನಂಬರ್. ಇನ್ನು ಕೆಲವು ಫೀಲ್ಡ್ ಆಫೀಸರ್‌ಗಳು ಮನಸ್ಸು ತಡೆಯದೆ ತಮ್ಮ ಜೇಬಿನಿಂದಲೇ ಕಂತು ಕಟ್ಟಿಬಿಡುತ್ತಾರೆ. ಅದು ದೊಡ್ಡ ಮನಸ್ಸೇ, ಆದರೆ ಅಭ್ಯಾಸ ಮಾಡಿಕೊಳ್ಳಬೇಡಿ. ಬಾಕಿ ಮುಚ್ಚಿಹೋಗುತ್ತೆ, ಇನ್ನೊಂದು ಸಾಲ ಕೊಡುತ್ತಾರೆ, ಹಳ್ಳಿಯಲ್ಲಿ ಆ ಹೆಂಗಸಿನ ಹೆಸರಿಗೂ ಮಾತು ಬರುತ್ತೆ, ಕೊನೆಗೆ ನೀವೇ ಸಾಲಗಾರರಾಗುತ್ತೀರಿ.

ಹುಡುಗರ ಕಾರ್ಯಕ್ರಮ

ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವುದು ಹಕ್ಕಿನ ಪ್ರಶ್ನೆಯಾದರೆ, ಹಕ್ಕಿದೆ. ಪ್ರಯೋಜನದ ಪ್ರಶ್ನೆಯಾದರೆ ನನಗೆ ಅಷ್ಟು ಭರವಸೆ ಇಲ್ಲ. ಒಂದು ತಳ್ಳಾಟ ಆದರೆ ಅದರ ವಿಡಿಯೋ ಊರೆಲ್ಲ ಸುತ್ತುತ್ತೆ, ಪೆಟ್ಟು ತಿನ್ನುವವರು ಹತ್ತೊಂಬತ್ತು ಇಪ್ಪತ್ತರ ಹುಡುಗರು. ಅವರ ಉತ್ಸಾಹ ನನಗೆ ನಿಜವಾಗಿಯೂ ಇಷ್ಟ, ಅದನ್ನು ತಣ್ಣಗೆ ಮಾಡಬೇಡಿ, ಬೇರೆ ಕಡೆ ತಿರುಗಿಸಿ.

ವಾರ್ಡಿನ ಪ್ರಾರ್ಥನೆಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಗುಂಪಾಗಿ ವಾರ್ಡಿಗೆ ನುಗ್ಗಿ ಪ್ರಾರ್ಥನೆ ಮಾಡುವುದು ಬೇಡವೇ ಬೇಡ. ಮಲಗಿದವರು ಎದ್ದು ಹೋಗಲಾರರು, ಬೇಡ ಅನ್ನಲು ಸಂಕೋಚ. ನಾನು ಚಾಪ್ಲಿನ್ ಆಗಿದ್ದಾಗಲೂ ವಾರ್ಡಿನ ಸಿಸ್ಟರ್ ಒಪ್ಪಿಗೆ ಇಲ್ಲದೆ ಒಳಗೆ ಹೋಗುತ್ತಿರಲಿಲ್ಲ. ರೋಗಿಯನ್ನೇ ಕೇಳುತ್ತಿದ್ದೆ, ನೆಂಟರನ್ನಲ್ಲ. 'ಪ್ರಾರ್ಥನೆ ಮಾಡಲಾ' ಅಂತ ಕೇಳುವುದಕ್ಕೆ ಮುಂಚೆ 'ಏನಾದರೂ ಬೇಕಾ' ಅಂತ ಕೇಳುತ್ತಿದ್ದೆ. ಡಯಾಲಿಸಿಸ್‌ಗೆ ಬರುತ್ತಿದ್ದ ರೈತರೊಬ್ಬರಿಗೆ ಬೇಕಾಗಿದ್ದು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ. ಅದಿಲ್ಲದೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅವರಿಗೆ ಚಿಕಿತ್ಸೆ ಆಗುತ್ತಿರಲಿಲ್ಲ. ಅವರ ಮಗ ಓದಿದವನಲ್ಲ, ಕೌಂಟರಿನಿಂದ ಕೌಂಟರಿಗೆ ಅಲೆದು ಸುಸ್ತಾಗಿದ್ದ. ಆ ಚೀಟಿ ಮಾಡಿಸಿಕೊಟ್ಟ ದಿನ ನಮ್ಮ ನಡುವೆ ದೇವರ ಮಾತೇ ಬರಲಿಲ್ಲ. ಬಹಳ ದಿನ ಆದ ಮೇಲೆ ಅವರಾಗಿ 'ನಿಮ್ಮ ದೇವರ ಹತ್ರ ನನ್ನ ಬಗ್ಗೆನೂ ಒಂದ್ ಮಾತ್ ಹೇಳಿ ಅಯ್ನೋರೆ' ಅಂದರು. ಹೇಳಿದೆ. ಅವರು ಕೊನೆತನಕ ತಮ್ಮ ಮನೆದೇವರಿಗೇ ನಡೆದುಕೊಂಡರು, ನನಗೆ ಅದರಿಂದ ಏನೂ ಬೇಸರ ಆಗಲಿಲ್ಲ. ಮಾತ್ರೆ ಬಿಡಿ ಅಂತ, ವಾಸಿ ಆಗೇ ಆಗುತ್ತೆ ಅಂತ, ವಿಶ್ವಾಸ ಕಡಿಮೆ ಆಗಿದ್ದಕ್ಕೆ ಕಾಯಿಲೆ ಅಂತ ಯಾರಾದರೂ ರೋಗಿಗೆ ಹೇಳಿದರೆ ಅದು ಪ್ರಾರ್ಥನೆ ಅಲ್ಲ, ಹಿಂಸೆ.

ನಿಮ್ಮ ಹುಡುಗರಿಗೆ ಸ್ಮಾರ್ಟ್‌ಫೋನ್ ಗೊತ್ತು, ಅರ್ಜಿ ತುಂಬಲು ಬರುತ್ತೆ. ವಾರಕ್ಕೊಂದು ದಿನ ಆಸ್ಪತ್ರೆಯವರ ಅನುಮತಿ ಪಡೆದು ಹಳ್ಳಿಯಿಂದ ಬಂದವರಿಗೆ ಚೀಟಿ ಮಾಡಿಸಲು, ಲ್ಯಾಬ್ ತೋರಿಸಲು ನಿಂತುಕೊಳ್ಳಲಿ. ರಕ್ತ ಕೊಡುವವರ ಪಟ್ಟಿ ಮಾಡಲಿ, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಬ್ಯಾನರ್ ಬೇಡ, ಫೋಟೋ ಬೇಡ, ಸ್ಟೇಟಸ್ ಬೇಡ. ಇದರಲ್ಲೂ ಅಪಾಯ ಇದೆ: ಎರಡು ವಾರ ಹೋಗಿ ಬಿಟ್ಟುಬಿಡುತ್ತಾರೆ. ಇಪ್ಪತ್ತು ಜನ ಒಂದು ತಿಂಗಳು ಬರುವುದಕ್ಕಿಂತ ಇಬ್ಬರು ಒಂದು ವರ್ಷ ಬರುವುದು ವಾಸಿ.

ಊರಿನ ಬೇರೆಯವರು ಮಾಡುತ್ತಿರುವ ಒಳ್ಳೆಯ ಕೆಲಸಕ್ಕೆ ಹೆಗಲು ಕೊಡುವುದನ್ನೂ ಕಲಿಯಬೇಕು, ಎಲ್ಲದಕ್ಕೂ ನಮ್ಮದೇ ಹೆಸರಿನ ಸಂಘ ಬೇಕಾಗಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತಲ್ಲ, ಅದು ಯಾವ ಒಂದು ಧರ್ಮದ ಸಮಸ್ಯೆ? ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರ ಬೆನ್ನಿಗೆ ನಿಂತು ದುಡಿದರೆ ಸಾಕು. ನೀವಿರುವ ಪಟ್ಟಣದ ಕ್ಷೇಮ ಹುಡುಕಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂತ ಪ್ರವಾದಿ ಯೆರೆಮೀಯ ಸೆರೆ ಹೋದವರಿಗೆ ಬರೆದಿದ್ದ. ಅವರನ್ನು ಸೆರೆ ಹಿಡಿದವರ ಪಟ್ಟಣ ಅದು. ನಮ್ಮದಂತೂ ಹುಟ್ಟೂರು.

ಆಯುಧಪೂಜೆ ವಿಷಯ ಬೇಗ ಮುಗಿಸುತ್ತೇನೆ. ಪೂಜೆಯಲ್ಲಿ ಭಾಗವಹಿಸುವುದು, ಪ್ರಸಾದ ತಿನ್ನುವುದು ಇವುಗಳಲ್ಲಿ ಕ್ರೈಸ್ತರಲ್ಲೇ ಒಮ್ಮತ ಇಲ್ಲ, ಪೌಲನ ಕಾಲದಲ್ಲೂ ಇರಲಿಲ್ಲ. ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಕೈಮುಗಿಯಬೇಡಿ. ಆದರೆ ಹೊರಗೆ ಹೋಗಿ ನಿಲ್ಲುವುದು ಯಾಕೆ? ಹಿಂದಿನ ದಿನ ಆಫೀಸ್ ಗುಡಿಸಿ ತೊಳೆಯಲು ಮೊದಲು ಬನ್ನಿ, ಬೈಕ್‌ಗಳನ್ನು ತೊಳೆಯಿರಿ, ಬಾಳೆಕಂದು ತರಲು ಜೊತೆಗೆ ಹೋಗಿ. ಪೂಜೆ ಹೊತ್ತಿನಲ್ಲಿ ಹಿಂದೆ ಸುಮ್ಮನೆ ಗೌರವದಿಂದ ನಿಂತಿರಿ. ಜನಕ್ಕೆ ಬೇಜಾರಾಗುವುದು ನೀವು ಪೂಜೆ ಮಾಡದಿರುವುದಕ್ಕಿಂತ ಅವರನ್ನು ಬಿಟ್ಟು ಹೋಗುವುದಕ್ಕೆ. ಕ್ರಿಸ್‌ಮಸ್ ದಿನ ಅವರೆಲ್ಲರನ್ನೂ ಮನೆಗೆ ಊಟಕ್ಕೆ ಕರೆಯಿರಿ, ಅವತ್ತು ಪ್ರಸಂಗ ಮಾಡಬೇಡಿ, ಬರೀ ಬಡಿಸಿ.

ಒಂದು ಮಾತು ನಮ್ಮವರಿಗೇ. ಹೊರಗಿನ ಲೋಕಕ್ಕೆ ಬೆಳಕಾಗಲು ಹೊರಟ ನಮ್ಮ ಸಭೆಗಳೊಳಗೆ ಇವತ್ತಿಗೂ ಜಾತಿ ನೋಡಿ ಹೆಣ್ಣು ಕೊಡುತ್ತಾರೆ, ವರದಕ್ಷಿಣೆ ತೆಗೆದುಕೊಳ್ಳುತ್ತಾರೆ. ಇದನ್ನು ನೋಡಿದಾಗ ನನಗೆ ಹೊರಗಿನವರ ಯಾವ ಟೀಕೆಗಿಂತಲೂ ಜಾಸ್ತಿ ನೋವಾಗುತ್ತೆ. ಯುವಜನ ಸಂಘದ ಕಾರ್ಯದರ್ಶಿಯಾಗಿ ನೀವು ಒಂದು ಕೆಲಸ ಮಾಡಬಹುದು: ನಿಮ್ಮ ಸಂಘದ ಮದುವೆಯಾಗದ ಹುಡುಗರು ವರದಕ್ಷಿಣೆ ಬೇಡ ಅಂತ ಅಪ್ಪ ಅಮ್ಮನಿಗೆ ಈಗಲೇ ಹೇಳುವಂತೆ ಮಾಡಿ. ಬಸ್ ಸ್ಟ್ಯಾಂಡಿಗಿಂತ ಇದು ಕಷ್ಟ.

ಕೆಲಸ ಬಿಡಬೇಕಾ?

ನೀವು ಕೇಳಿಲ್ಲ, ಆದರೆ ನಿದ್ದೆ ಬರದ ರಾತ್ರಿಗಳಲ್ಲಿ ಯೋಚಿಸಿರುತ್ತೀರಿ. ಈಗಲೇ ಬಿಡಿ ಅಂತ ನಾನು ಹೇಳುವುದಿಲ್ಲ. ನೀವು ಬಿಟ್ಟ ಜಾಗಕ್ಕೆ ಇನ್ನೂ ಒರಟಾದವರು ಬರಬಹುದು, ಮನೆಯಲ್ಲಿ ಹೆಂಡತಿಯ ಹೊಲಿಗೆಯೊಂದರಿಂದಲೇ ಸಂಸಾರ ಸಾಗಬೇಕಾಗಬಹುದು. ನಿಯಮದ ಪ್ರಕಾರ ನಡೆದುಕೊಳ್ಳಲು ಅವರು ಬಿಡುತ್ತಾರಾ ಅಂತ ಒಂದಷ್ಟು ತಿಂಗಳು ನೋಡಿ. ಸುಳ್ಳು ಬರೆಯದೆ, ಹೆದರಿಸದೆ ಅಲ್ಲಿ ಕೆಲಸ ಮಾಡಲು ಸಾಧ್ಯವೇ ಇಲ್ಲ ಅಂತ ಖಾತ್ರಿಯಾದರೆ ಬಿಡುವುದೇ ಸರಿ. ಆದರೆ ಸೊಸೈಟಿಯಲ್ಲೋ, ಡೇರಿಯಲ್ಲೋ, ಬೇರೆ ಕಂಪನಿಯಲ್ಲೋ ಇನ್ನೊಂದು ಕೆಲಸ ಕೈಗೆ ಸಿಕ್ಕಿದ ಮೇಲೆ ಬಿಡಿ. ಈ ಲೆಕ್ಕವನ್ನು ಒಬ್ಬರೇ ಹಾಕಬೇಡಿ, ಹೆಂಡತಿಯ ಜೊತೆ ಕೂತು ಹಾಕಿ. ಆ ರಾತ್ರಿಯ ವಿಷಯ ಅವರಿಗೆ ಇನ್ನೂ ಹೇಳಿಲ್ಲದಿದ್ದರೆ ಮೊದಲು ಅದನ್ನು ಹೇಳಿ. ಆಮೇಲೂ ನಿದ್ದೆ ಸರಿಹೋಗದಿದ್ದರೆ, ಎದೆ ಭಾರ ಇಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.